ದೋಣಿಯಲ್ಲಿ ವಲ್ಲಿ ವ್ಯಾಪಾರ

ಯಾರಾದರೂ ಏನಾದರೂ ಹೇಳಿದ ಕೂಡಲೇ 'ಆಯಿತು' ಎಂದುಬಿಡುವ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಶಯ. ಇವರಿಗೆ ಬುದ್ಧಿ ಕಡಿಮೆಯೋ, ಇಲ್ಲ ಒಳಗೆ ಬೇರೆ ಏನಾದರೂ ಹುನ್ನಾರ ಇದೆಯೋ ಎಂದು ಯೋಚಿಸುತ್ತೇನೆ. ನಾನಂತೂ ಐವತ್ತೆರಡು ವರ್ಷದ ಈ ಆಯುಷ್ಯದಲ್ಲಿ ಯಾವುದಕ್ಕೂ ಒಂದೇ ಮಾತಿಗೆ ಒಪ್ಪಿಕೊಂಡವನಲ್ಲ. ಡಾಕ್ಟರು 'ಏಳು ದಿನ ಗುಳಿಗೆ ತೊಗೋರಿ' ಎಂದರೆ 'ಐದು ದಿನಕ್ಕ ಮುಗಸ್ರಿ ಸಾಹೇಬ್ರ' ಎನ್ನುತ್ತೇನೆ. ಬಸ್ಸಿನ ಕಂಡಕ್ಟರು 'ಒಳಗ ಸರೀರಿ' ಎಂದರೆ ಅರ್ಧ ಹೆಜ್ಜೆ ಸರಿದು ಅವನ ಮುಖ ನೋಡುತ್ತೇನೆ. ಕನ್ಯೆ ನೋಡಲು ಬ್ಯಾಡಗಿಗೆ ಹೋದಾಗ, ಹಿರಿಯರು 'ಹುಡುಗಿ ಮನಸ್ಸಿಗೆ ಬಂದಾಳೇನಪಾ?' ಎಂದು ಕೇಳಿದರು. ಹುಡುಗಿ ಚಹಾದ ತಟ್ಟೆ ಹಿಡಿದು ಒಳಗೆ ಬಂದ ಗಳಿಗೆಯಲ್ಲೇ ಮನಸ್ಸಿಗೆ ಬಂದಿದ್ದಳು. ಆದರೂ ನನ್ನ ಬಾಯಿ, 'ಇನ್ನೊಮ್ಮೆ ನೋಡಿ ಹೇಳ್ತೇನ್ರಿ' ಎಂದಿತು. ಆ ಮಾತನ್ನು ನನ್ನ ಹೆಂಡತಿ ಶಾಂತವ್ವ ಇಪ್ಪತ್ತಾರು ವರ್ಷಗಳಿಂದ ಉಪ್ಪು ಹಾಕಿ ಜೋಪಾನ ಮಾಡಿಟ್ಟಿದ್ದಾಳೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ನಮ್ಮ ಮನೆಗೆ ಬಂದು ಊಟ ಮಾಡಿಲ್ಲ.

ಇದು ನನ್ನ ತಪ್ಪಲ್ಲ, ರಕ್ತದ ತಪ್ಪು. ನಮ್ಮ ಅಪ್ಪ ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ದಲಾಲನಾಗಿದ್ದ. ಎತ್ತಿನ ವ್ಯಾಪಾರ ಬಾಯಿಂದ ಆಗುವುದಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಹೆಗಲ ಮೇಲಿನ ವಲ್ಲಿ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಇಷ್ಟು, ಎರಡು ಹಿಡಿದರೆ ಅಷ್ಟು. ಇಡೀ ಅಂಗೈಯನ್ನೇ ಹಿಡಿದು ಅದುಮಿದರೆ 'ಇಲ್ಲಿಗೆ ಮುಗಿಸೋಣ' ಎಂದು ಅರ್ಥ. ಸುತ್ತ ನಿಂತ ನೂರು ಜನರಿಗೆ ಯಾರು ಎಷ್ಟು ಕೇಳಿದರು, ಯಾರು ಎಷ್ಟಕ್ಕೆ ಇಳಿದರು ಎಂಬುದು ಗೊತ್ತಾಗುವುದಿಲ್ಲ. ವಲ್ಲಿಯ ಕೆಳಗೆ ಸೋತವನ ಮಾನ ವಲ್ಲಿಯ ಕೆಳಗೇ ಉಳಿಯುತ್ತದೆ. ಅಣ್ಣನನ್ನೂ ನನ್ನನ್ನೂ ಅಪ್ಪ ಸಣ್ಣವರಿದ್ದಾಗಲೇ ಸಂತೆಗೆ ಕರೆದುಕೊಂಡು ಹೋಗುತ್ತಿದ್ದ. ಮನೆಗೆ ಬಂದ ಮೇಲೆ ನಾವಿಬ್ಬರೂ ಅವ್ವನ ಸೆರಗನ್ನೇ ವಲ್ಲಿ ಮಾಡಿಕೊಂಡು ಒಬ್ಬರಿಗೊಬ್ಬರು ಇಲ್ಲದ ಎತ್ತುಗಳನ್ನು ಮಾರುತ್ತಿದ್ದೆವು. ಅಪ್ಪ ಕಲಿಸಿದ ಮೊದಲ ಪಾಠ ಇದು: 'ಮೊದಲನೇ ಹಿಡಿತಕ್ಕ ಕೈ ಕೊಡಬ್ಯಾಡ್ರಲೇ. ಹಿಂದಕ್ಕ ತೊಗೋರಿ. ಅವಗ ಖರೇನ ಬೇಕಾಗಿದ್ರ ಇನ್ನೊಮ್ಮೆ ಹಿಡೀತಾನ.'

ಅಣ್ಣ ಶಿವಪುತ್ರಪ್ಪ ಅಪ್ಪನ ಕಸುಬನ್ನೇ ಹಿಡಿದ. ರಾಣೇಬೆನ್ನೂರಿಗೆ ಹೋಗಿ ನೆಲೆಸಿ, ಎತ್ತುಗಳು ಕಡಿಮೆಯಾದ ಮೇಲೆ ಹಳೆಯ ಟ್ರ್ಯಾಕ್ಟರುಗಳ ದಲಾಲಿ ಶುರುಮಾಡಿದ. ಟ್ರ್ಯಾಕ್ಟರನ್ನೂ ಅವನು ಎತ್ತಿನ ಹಾಗೆಯೇ ಬೆನ್ನು ತಟ್ಟಿ ನೋಡುತ್ತಾನೆ ಎಂದು ಜನ ಹೇಳುತ್ತಾರೆ. ನಾನು ಹಾವೇರಿಯಲ್ಲಿ ಹಗ್ಗದ ಅಂಗಡಿ ಇಟ್ಟೆ. ಮೂಗುದಾರ, ಬಾರುಕೋಲು, ಗೆಜ್ಜೆಸರ, ಬಾವಿಹಗ್ಗ ಎಲ್ಲ ಸಿಗುತ್ತವೆ. ಇಬ್ಬರ ಸಂಸಾರವೂ ನೆಟ್ಟಗೆ ನಡೆಯುತ್ತಿತ್ತು, ನಾನು ಬಾಯಿ ತೆರೆಯುವವರೆಗೆ.

ಆ ಕಥೆಯನ್ನೂ ಹೇಳಿಬಿಡುತ್ತೇನೆ. ಕರ್ಜಗಿಯಲ್ಲಿ ಅಪ್ಪನ ಮನೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಮಾರಿದೆವು. ಗಿರಾಕಿಯನ್ನು ಹುಡುಕಿ ತಂದು ಮಾತು ಮುಗಿಸಿದವನು ಅಣ್ಣ. ಅಪ್ಪನ ವರ್ಷದ ಕಾರ್ಯದ ದಿನ ನಲವತ್ತು ಜನ ನೆಂಟರು ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದರು. ಮನೆಯ ಮಾರಾಟದಲ್ಲಿ ಅಣ್ಣ ದಲಾಲಿ ಹೊಡೆದ ಎಂದು ಚಹಾದಂಗಡಿಯಲ್ಲಿ ಯಾರೋ ನನ್ನ ಕಿವಿಗೆ ಊದಿದ್ದರು. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ, 'ಊರ ಮಂದಿ ಎತ್ತಿನಾಗ ದಲಾಲಿ ತಿಂದಿದ್ದು ಸಾಲಲಿಲ್ಲೇನು, ಅಪ್ಪನ ಮನಿಯಾಗೂ ತಿಂದಿ?' ಎಂದೆ. ಅಣ್ಣ ಹೋಳಿಗೆ ಮುರಿದಿದ್ದ ಕೈಯನ್ನು ತಾಟಿನಲ್ಲೇ ತೊಳೆದುಕೊಂಡು ಎದ್ದು ಹೋದ. ಅಲ್ಲಿಂದ ಏಳು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಮೂರು ವರ್ಷದ ನಂತರ ಆ ಮನೆ ಕೊಂಡವನೇ ನನ್ನ ಅಂಗಡಿಗೆ ಬಾವಿಹಗ್ಗ ಕೊಳ್ಳಲು ಬಂದು, 'ನಿಮ್ಮ ಅಣ್ಣಾರಂಥಾ ಮನಶ್ಯಾ ಇಲ್ಲ ಬಿಡ್ರಿ. ಅಪ್ಪನ ಮನಿ ಅಂತ ನನ್ನ ಕಡಿಂದ ಒಂದು ಕಪ್ಪು ಚಹಾನೂ ಕುಡೀಲಿಲ್ಲ' ಎಂದ. ಆ ದಿನ ನಾನು ಅವನಿಗೆ ಹಗ್ಗವನ್ನು ಎರಡು ಸಲ ಅಳೆದು ಕೊಟ್ಟೆ, ಮೊದಲ ಸಲ ಅಳೆದದ್ದು ನೆನಪಿನಲ್ಲಿ ಉಳಿಯಲಿಲ್ಲ. ಆದರೆ ರಾಣೇಬೆನ್ನೂರಿನ ಬಸ್ಸು ಹತ್ತಿದೆನೇ? ಇಲ್ಲ. ತಪ್ಪು ನನ್ನದು ಎಂದು ಗೊತ್ತಾದ ಮೇಲಂತೂ ಹೋಗುವುದು ಇನ್ನೂ ಕಷ್ಟವಾಯಿತು. ಅಣ್ಣ ಒಂದು ಸಲ ಬೈದಿದ್ದರೂ ಸಾಕಿತ್ತು, ಉತ್ತರ ಕೊಡುವ ನೆಪದಲ್ಲಿ ಮಾತು ಶುರುವಾಗುತ್ತಿತ್ತು ಎಂದು ಅವನ ಮೇಲೆಯೇ ಸಿಟ್ಟಾದೆ. ತಪ್ಪು ಮಾಡಿದವನ ಸಿಟ್ಟಿನಷ್ಟು ಗಟ್ಟಿ ಸಿಟ್ಟು ಬೇರೊಂದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಹೀಗಿರುವಾಗ ಅಣ್ಣನ ಮಗಳು ಕವಿತಾಳ ಮದುವೆ ಗೊತ್ತಾಯಿತು. ಸುದ್ದಿ ಬಂದದ್ದು ಬ್ಯಾಡಗಿಯ ಮೇಲಿಂದ. ಹಾವೇರಿಗೂ ರಾಣೇಬೆನ್ನೂರಿಗೂ ನಡುವೆ ಇರುವ ಬ್ಯಾಡಗಿಯಲ್ಲಿ ನನ್ನ ಹೆಂಡತಿಯ ತವರುಮನೆ ಇದೆ. ಏಳು ವರ್ಷ ಅಣ್ಣನ ಮನೆಯ ಸುದ್ದಿ ನಮಗೂ, ನಮ್ಮ ಸುದ್ದಿ ಅವರಿಗೂ ಅಲ್ಲಿಂದಲೇ ಹಾಯ್ದು ಹೋಗುತ್ತಿತ್ತು. ವರ ಕುಪ್ಪೇಲೂರಿನವನಂತೆ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೌಕರಿಯಂತೆ, ಬೈಕು ಇದೆಯಂತೆ. ಕವಿತಾ ಸಣ್ಣವಳಿದ್ದಾಗ ರಜೆಗೆ ಹಾವೇರಿಗೆ ಬಂದರೆ ಇಡೀ ದಿನ ನನ್ನ ಅಂಗಡಿಯಲ್ಲಿ ಹಗ್ಗದ ಸುರುಳಿಯ ಮೇಲೆ ಕುಳಿತಿರುತ್ತಿದ್ದಳು. ಒಂದು ದಿನ, 'ಕಾಕಾ, ನನ್ನ ಮದುವಿ ಹಂದರಕ್ಕ ನೀನ ಹಗ್ಗ ಕಟ್ಟಬೇಕು' ಎಂದಳು. ಆರು ವರ್ಷದ ಆ ಕೂಸಿನ ಜೊತೆಗೂ ನಾನು ಚೌಕಾಸಿ ಮಾಡಿದೆ: 'ಮೊದಲ ಮಗ್ಗಿ ಬಾಯಿಪಾಠ ಮಾಡು, ಆಮ್ಯಾಲ ನೋಡೂಣು.' ಅವಳು ಹತ್ತೊಂಬತ್ತರ ಮಗ್ಗಿಯವರೆಗೂ ಒಪ್ಪಿಸಿ ನನ್ನಿಂದ ಮಾತು ತೆಗೆದುಕೊಂಡಳು. ನಮ್ಮಲ್ಲಿ ಮದುವೆಯ ಹಂದರವನ್ನು ಮನೆಯ ಮುಂದೆ ಅಣ್ಣತಮ್ಮಂದಿರೇ ನಿಂತು ಹಾಕುವ ಪದ್ಧತಿ. ಮದುವೆ ಗೊತ್ತಾದ ಸುದ್ದಿ ಕೇಳಿದ ಮರುದಿನವೇ ನಾನು ಹಂದರದ ಹಗ್ಗ ಹೊಸೆಯಲು ಪುಂಡಿನಾರು ತರಿಸಿದೆ. ನೈಲಾನ್ ಹಗ್ಗ ಬಂದ ಮೇಲೆ ಕೈಯಿಂದ ಹೊಸೆಯುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಅಂಗೈಯಲ್ಲಿ ಬೊಕ್ಕೆ ಎದ್ದವು. ಶಾಂತವ್ವ ನೋಡಿ, 'ಹಗ್ಗ ಆದ್ರ ಹೊಸದ್ರಿ, ಕಟ್ಟಾಕ ಕರೆಯೋರು ಯಾರು?' ಎಂದಳು. ನಾನು ಕೇಳಿಸದವನಂತೆ ಹೊಸೆಯುತ್ತಾ ಕುಳಿತೆ.

ಆ ಮಾಗಿಯ ಚಳಿಯಲ್ಲಿ ಕಾರವಾರದಿಂದ ಮಾವನ ಫೋನು ಬಂತು. ಮಾವ ಎಂದರೆ ನಮ್ಮ ಅಕ್ಕ ನೀಲವ್ವನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೆಯೇ ಕರೆಯುತ್ತೇವೆ. ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕಾಗಿ ಆಗಷ್ಟೇ ನಿವೃತ್ತನಾಗಿದ್ದ. 'ಮಲ್ಲೇಶಿ, ಮೂವತ್ತು ವರ್ಷ ಸಮುದ್ರದ ದಂಡಿಮ್ಯಾಲ ಕುಂತು ಬರೇ ಫೈಲ್ ನೋಡೇನಿ. ನಮ್ಮ ಗುರ್ತಿನಾಂವನದು ಒಂದು ಸಣ್ಣ ಹಾಯಿದೋಣಿ ಐತಿ. ಒಂದ ದಿನ ದಂಡಿಗುಂಟ ತಿರುಗ್ಯಾಡಿ ಬರೂಣು ಬಾ' ಎಂದ. ನಾನು ಪದ್ಧತಿಯಂತೆ ಒಲ್ಲೆ ಎಂದೆ. ಅವನು ಇನ್ನೊಮ್ಮೆ ಕರೆದ. ಬಂದರೆ ಶನಿವಾರ ಬರುತ್ತೇನೆ, ಭಾನುವಾರ ಆಗದು ಎಂದೆ. ಅದಕ್ಕೂ ಹೂಂ ಎಂದ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಾಗಿತ್ತು. ಶಿರಸಿ, ಕುಮಟಾ ಹಾಯ್ದು ಬೆಳಗಿನ ಏಳಕ್ಕೆ ಅಕ್ಕನ ಮನೆ ಮುಟ್ಟಿದೆ. ಹೊಸ್ತಿಲ ಹೊರಗೆ ಒಂದು ಜೋಡಿ ಕೊಲ್ಲಾಪುರಿ ಚಪ್ಪಲಿ ಇತ್ತು. ಎಡಗಾಲಿನದು ಹಿಮ್ಮಡಿಯ ಹೊರಗಡೆಗೆ ಸವೆದಿತ್ತು. ಅಂಥ ನಡಿಗೆ ನಮ್ಮ ವಂಶದಲ್ಲಿ ಇಬ್ಬರದೇ, ಒಬ್ಬ ಅಪ್ಪ, ಇನ್ನೊಬ್ಬ ಒಳಗೆ ಕುಳಿತು ಚಹಾ ಕುಡಿಯುತ್ತಿದ್ದ.

ಅವನಿಗೂ ನಾನು ಬರುವುದು ಗೊತ್ತಿರಲಿಲ್ಲ. ನನ್ನನ್ನು ನೋಡಿ ಚಹಾದ ಬಸಿಯನ್ನು ಕೆಳಗಿಟ್ಟ. ಅಕ್ಕ ಬಾಗಿಲಿಗೆ ಅಡ್ಡ ನಿಂತು, 'ಎದ್ದು ಹ್ವಾದಾಂವ ನನ್ನ ಹೆಣಾ ದಾಟಿ ಹೋಗಬೇಕು ನೋಡ್ರಿ' ಎಂದಳು. ಇದು ಅಕ್ಕನ ಹಳೆಯ ಮಾತು, ಹಾಲು ಚೆಲ್ಲಿದರೂ ಇದನ್ನೇ ಅನ್ನುತ್ತಾಳೆ, ಆದರೂ ನಾವಿಬ್ಬರೂ ಕುಳಿತೆವು. ಮಾವ ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಳ್ಳುತ್ತಾ ಹೇಳಿದ: 'ಮನಿಯಾಗ ಕೂಡಿಸಿದ್ರ ಒಬ್ಬಾಂವ ಎದ್ದು ಹೊರಗ ಹೊಕ್ಕೀರಿ. ದೋಣಿಯಾಗ ಕೂಡಿಸಿದ್ರ ಎಲ್ಲಿಗೆ ಹೊಕ್ಕೀರಿ, ಹೇಳ್ರಿ ನೋಡೂಣು?' ಹೋಗುವ ಜಾಗವನ್ನು ಸಮುದ್ರ ಬೇಕಾದಷ್ಟು ಇಟ್ಟುಕೊಂಡಿರುತ್ತದೆ, ಕೆಳಕ್ಕೆ, ಎಂಬುದು ಆಗ ನಮಗಾರಿಗೂ ಹೊಳೆಯಲಿಲ್ಲ.

ದೋಣಿ ಎರಡು ಚಕ್ಕಡಿ ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದವಿತ್ತು. ನಡುವೆ ಒಂದು ಕಂಬ, ಕಂಬಕ್ಕೆ ಹಾಯಿ, ಹಾಯಿಯ ಕೆಳಗೆ ಅಡ್ಡಲಾಗಿ ಒಂದು ಗಳ. ನಡೆಸುವವನ ಹೆಸರು ದತ್ತಾ. ಮನೆಮಾತು ಕೊಂಕಣಿ, ನಮ್ಮೊಂದಿಗೆ ಕರಾವಳಿಯ ಕನ್ನಡ. ಅಣ್ಣ ದೋಣಿಯ ಸುತ್ತ ಒಂದು ಸುತ್ತು ಬಂದ. ಪಕ್ಕೆ ತಟ್ಟಿದ. ಮುಂದಿನ ಮೂತಿಯನ್ನು ಬಗ್ಗಿ ನೋಡಿದ. ಅದಕ್ಕೆ ಬಾಯಿ ಇದ್ದಿದ್ದರೆ ತೆರೆಸಿ ಹಲ್ಲು ಎಣಿಸುತ್ತಿದ್ದ. 'ವಯಸ್ಸೆಷ್ಟಪಾ ಇದರದು?' ಎಂದು ಕೇಳಿದ. 'ಹನ್ನೊಂದು ವರ್ಷ ಆಯ್ತು ಸಾಹೇಬ್ರೆ' ಎಂದ ದತ್ತಾ. 'ಹನ್ನೊಂದಕ್ಕ ನಾವು ಎತ್ತಿಗೆ ನೊಗಾ ಹೂಡಂಗಿಲ್ಲ, ಮೇಯಾಕ ಬಿಡ್ತೇವಿ' ಎಂದ ಅಣ್ಣ. ನನಗೆ ನಗು ಉಕ್ಕಿ ಬಂತು. ನಕ್ಕರೆ ಸೋತಂತೆ ಎಂದು ಅದನ್ನು ಕೆಮ್ಮು ಮಾಡಿ ಹೊರಗೆ ಬಿಟ್ಟೆ. ನನ್ನ ಗಮನವೆಲ್ಲ ಹಗ್ಗದ ಮೇಲಿತ್ತು. ನಾನು ಮಾರುವ ಹಗ್ಗ ಒಂದು ಎತ್ತನ್ನು ಹಿಡಿದು ನಿಲ್ಲಿಸಿದರೆ ಸಾಕು, ಈ ಹಗ್ಗಗಳು ಗಾಳಿಯನ್ನು ಹಿಡಿದು ನಿಲ್ಲಿಸಬೇಕು. ನೋಡಿದರೆ ಎಲ್ಲ ಉಪ್ಪು ತಿಂದು ಬಿರುಸಾಗಿ, ಅಲ್ಲಲ್ಲಿ ಎಳೆ ಬಿಟ್ಟ ನೈಲಾನು. ಇಷ್ಟು ಜೀವಗಳನ್ನು ಇಂಥ ಹಗ್ಗಕ್ಕೆ ಒಪ್ಪಿಸುವುದೇ ಎಂದುಕೊಂಡೆ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಹೇಳಿದರೆ ಅಂಜಿದ ಎನ್ನುತ್ತಾರೆ.

ನೀರಿಗಿಳಿಯುವ ಮೊದಲು ದತ್ತಾ ಒಂದೇ ನಿಯಮ ಹೇಳಿದ: 'ನಾನು ಬಗ್ಗಿ ಅಂದ ಕೂಡ್ಲೇ ಬಗ್ಬೇಕು. ಯಾಕೆ ಅಂತ ಕೇಳ್ಬಾರ್ದು.' ಬೆಳಗಿನ ಗಾಳಿ ನೆಲದ ಕಡೆಯಿಂದ ಬೀಸಿ ನಮ್ಮನ್ನು ಮೆಲ್ಲಗೆ ಹೊರಗೆ ಒಯ್ದಿತು. ದಂಡೆ, ತೆಂಗಿನ ಮರಗಳು, ಕಾಳಿ ನದಿಯ ದೊಡ್ಡ ಸೇತುವೆ ಎಲ್ಲ ದೂರಕ್ಕೆ ಸರಿದವು. ಒಂದು ಬದಿಗೆ ನಾನು, ಎದುರು ಬದಿಗೆ ಅಣ್ಣ, ನಡುವೆ ಮಾವ, ಹಿಂದೆ ಚುಕ್ಕಾಣಿ ಹಿಡಿದು ದತ್ತಾ. ಸ್ವಲ್ಪ ಹೊತ್ತಿನಲ್ಲೇ ದತ್ತಾ 'ಬಗ್ಗಿ!' ಎಂದ. ಮಾವ ಬಗ್ಗಿದ, ಅಣ್ಣ ಬಗ್ಗಿದ. ನಾನು 'ಯಾಕ?' ಎಂದೆ. ಉತ್ತರವನ್ನು ಹಾಯಿಯ ಗಳ ನೇರವಾಗಿ ನನ್ನ ಹಣೆಗೇ ತಂದು ಮುಟ್ಟಿಸಿತು. ಕಣ್ಣಿಗೆ ಕತ್ತಲೆ ಬಂದು ಮತ್ತೆ ಬೆಳಕಾದಾಗ ಅಣ್ಣನ ಮಾತು ಕೇಳಿಸಿತು: 'ಮಾವ, ಅವಗ ಹೇಳ್ರಿ, ಹಣಿಗೆ ತಣ್ಣೀರ ಅರಿವಿ ಹಚ್ಚಿಕೊಳ್ಳಂತ.' ನಾನು ಹಣೆ ಒರೆಸಿಕೊಳ್ಳುತ್ತಾ, 'ಮಾವ, ಅವರಿಗೆ ಹೇಳ್ರಿ, ಏನೂ ಆಗಿಲ್ಲಂತ' ಎಂದೆ. ನಮ್ಮಿಬ್ಬರ ಮೊಣಕಾಲುಗಳ ನಡುವೆ ಎರಡು ಮೊಳದ ಅಂತರವೂ ಇರಲಿಲ್ಲ.

ಈ ಅಂಚೆ ವ್ಯವಸ್ಥೆಯೂ ಬಹಳ ಹೊತ್ತು ನಡೆಯಲಿಲ್ಲ. ಸಮುದ್ರದ ದಂಡೆಯಲ್ಲಿ ಮೂವತ್ತು ವರ್ಷ ಕಳೆದ ಮಾವನಿಗೆ ಸಮುದ್ರ ಮೈಗೆ ಒಗ್ಗಲಿಲ್ಲ. ಬೆಳಗಿನ ಉಪ್ಪಿಟ್ಟನ್ನು ಅರಬ್ಬೀ ಸಮುದ್ರಕ್ಕೆ ಒಪ್ಪಿಸಿ, ದೋಣಿಯ ತಳದಲ್ಲಿ ಮುಖಕ್ಕೆ ಬಟ್ಟೆ ಹಾಕಿಕೊಂಡು ಮಲಗಿಬಿಟ್ಟ. ಸಂಧಾನ ಮಾಡಿಸಲು ಬಂದವನೇ ಸತ್ತವನಂತೆ ಬಿದ್ದ ಮೇಲೆ ನಾವು ದತ್ತಾನನ್ನು ಹಿಡಿದೆವು. 'ದತ್ತಾ, ಅವರನ್ನ ಕೇಳು, ನೀರಿನ ತಂಬಿಗಿ ಎಲ್ಲೈತಂತ.' 'ದತ್ತಾ, ಅವರಿಗೆ ಹೇಳು, ಚೀಲದಾಗ ಐತಂತ.' ಪಾಪದ ಮನುಷ್ಯ ಮೂರು ಸಲ ಮುಟ್ಟಿಸಿದ. ನಾಲ್ಕನೆಯ ಸಲ, 'ಸಾಹೇಬ್ರೆ, ಅವರು ಇಲ್ಲೇ ಇದ್ದಾರಲ್ಲ, ನೀವೇ ಕೇಳಿ. ನಾನು ಗಾಳಿ ನೋಡ್ಬೇಕು' ಎಂದುಬಿಟ್ಟ. ಆಮೇಲೆ ಮಾತಿಲ್ಲ. ಬಿಸಿಲು ಏರಿತು, ಗಾಳಿ ಬಿತ್ತು, ಹಾಯಿ ಜೋತಿತು. ಮಾಜಾಳಿಯ ಕಡೆಗೆ ದಂಡೆಗುಂಟ ಹೊರಟಿದ್ದ ದೋಣಿ ನಡುನೀರಿನಲ್ಲಿ ಕೆಟ್ಟು ನಿಂತ ಬಸ್ಸಿನ ಹಾಗೆ ನಿಂತಿತು. ಸಮುದ್ರವಿಹಾರವನ್ನು ಹೊಗಳುವವರು ಈ ಭಾಗವನ್ನು ಹೇಳುವುದಿಲ್ಲ. ನೋಡಲು ನೀರು, ನೀರಿನಾಚೆ ನೀರು, ಮತ್ತು ಏಳು ವರ್ಷದಿಂದ ಮಾತು ಬಿಟ್ಟ ಅಣ್ಣ.

ಹೊತ್ತು ಕಳೆಯಲೆಂದು ಅಕ್ಕ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ. ಕಟಕು ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಒಂದು ಡಬ್ಬಿಯ ತುಂಬ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿ ಮಾಡಿದ ಶೇಂಗಾ ಚಟ್ನಿಪುಡಿ. ಆ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ನಾನು ಹಲ್ಲು ಕಚ್ಚಿ ತಿರುವುವುದಕ್ಕೂ, ಬಿದ್ದಿದ್ದ ಗಾಳಿ ಪಶ್ಚಿಮದಿಂದ ಎದ್ದು ಬರುವುದಕ್ಕೂ ಸರಿಹೋಯಿತು. ಅರ್ಧ ಡಬ್ಬಿ ಪುಡಿ ಕೆಂಪು ಮೋಡವಾಗಿ ಎದ್ದು ಇಬ್ಬರ ಕಣ್ಣಿಗೂ ಅಪ್ಪಳಿಸಿತು. ಅಣ್ಣ ಗಡಿಬಿಡಿಯಲ್ಲಿ ಸಮುದ್ರದ ನೀರನ್ನೇ ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಹೊಡೆದುಕೊಂಡ, ಅವನನ್ನು ನೋಡಿ ನಾನೂ ಹೊಡೆದುಕೊಂಡೆ. ಖಾರಕ್ಕೆ ಉಪ್ಪು ಸೇರಿತು. ಐವತ್ತು ದಾಟಿದ ಇಬ್ಬರು ಗಂಡಸರು ಎದುರುಬದುರು ಕುಳಿತು ಬಿಕ್ಕಿ ಬಿಕ್ಕಿ ಕಣ್ಣೀರು ಸುರಿಸತೊಡಗಿದೆವು. ಸದ್ದಿಗೆ ಎಚ್ಚರಾದ ಮಾವ ಮುಖದ ಬಟ್ಟೆ ಸರಿಸಿ ನಮ್ಮನ್ನು ನೋಡಿದ. ಅವನ ಬಾಡಿದ ಮುಖ ಅರಳಿತು. 'ಆತಲ್ಲ! ನಾ ಹೇಳಿದ್ನಲ್ಲ! ಅತ್ತುಬಿಡ್ರಿ, ಮನಸ್ಸು ಹಗರಾಗ್ತದ' ಎಂದು ಹೇಳಿ, ಜನ್ಮ ಸಾರ್ಥಕವಾದವನಂತೆ ಮತ್ತೆ ಬಟ್ಟೆ ಎಳೆದುಕೊಂಡ. ಅಣ್ಣನ ಭುಜ ಕುಲುಕಿದ್ದನ್ನು ಮಂಜು ಮಂಜಾದ ಕಣ್ಣಲ್ಲೇ ಕಂಡೆ. ನಗುತ್ತಿದ್ದ. ನಾನೂ ಇನ್ನೇನು ನಗಬೇಕು, ಅಷ್ಟರಲ್ಲಿ ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಮಧ್ಯಾಹ್ನದ ಮೇಲೆ ಗಾಳಿ ಜೋರಾಯಿತು. ತಿರುಗಿ ಬರುವಾಗ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಓಡತೊಡಗಿತು. 'ಎಲ್ರೂ ಈಚೆ ಬನ್ನಿ, ಎತ್ತರದ ಬದಿಗೆ! ಬೇಗ!' ಎಂದು ದತ್ತಾ ಕೂಗಿದ. ಹಣೆಗೆ ಬಿದ್ದ ಪೆಟ್ಟು ಇನ್ನೂ ಚುರುಗುಡುತ್ತಿದ್ದುದರಿಂದ ನಾನು ಯಾಕೆ ಎಂದು ಕೇಳಲಿಲ್ಲ. ಅಣ್ಣನೂ ನಾನೂ ಒಂದೇ ಬದಿಗೆ, ಒಂದೇ ಹಲಗೆಯ ಮೇಲೆ, ತೊಡೆಗೆ ತೊಡೆ ತಾಗಿಸಿ ಕುಳಿತೆವು. ಹಾಗೆ ಕುಳಿತು ಎಷ್ಟು ವರ್ಷವಾಗಿತ್ತೋ. ಅಪ್ಪನ ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕರ್ಜಗಿಯಿಂದ ಸಂತೆಗೆ ಹೋಗುವಾಗ ಹೀಗೇ ಕೂರುತ್ತಿದ್ದೆವು. ತೆರೆಯ ನೀರು ಮೇಲೆದ್ದು ಸಿಡಿಯುತ್ತಿತ್ತು. ನನಗೆ ಚಳಿ ಹತ್ತಿ ಮೈ ನಡುಗುತ್ತಿತ್ತು. ಅಣ್ಣ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ತನ್ನ ತೊಡೆಯ ಮೇಲೆ ಹಾಸಿಕೊಂಡ. ಆಮೇಲೆ, ಸಮುದ್ರವನ್ನೇ ನೋಡುತ್ತಾ, ಅರ್ಧ ವಲ್ಲಿಯನ್ನು ನನ್ನ ತೊಡೆಯ ಮೇಲೂ ಎಳೆದ.

ವಲ್ಲಿಯ ಕೆಳಗೆ ಅವನ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. ಒಂದು ಬೆರಳಲ್ಲ, ಎರಡು ಬೆರಳಲ್ಲ. ಇಡೀ ಅಂಗೈ ಹಿಡಿದು ಅದುಮಿದ. ಎತ್ತಿನ ಹಗ್ಗ ಜಗ್ಗಿ ಜಗ್ಗಿ ಗಟ್ಟಿಯಾದ ಕೈ. ನನ್ನ ಅಂಗೈಯ ಬೊಕ್ಕೆಗಳ ಮೇಲೆ ಅವನ ಹೆಬ್ಬೆರಳು ಒಂದು ಗಳಿಗೆ ನಿಂತು, ಇವು ಏತರವು ಎಂದು ಕೇಳುವಂತೆ ಸವರಿತು. ಅವನು ಹಿಡಿದದ್ದರ ಅರ್ಥ ನಮ್ಮಿಬ್ಬರಿಗೆ ಗೊತ್ತಿದ್ದಷ್ಟು ಇಡೀ ಅರಬ್ಬೀ ಸಮುದ್ರದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಇಲ್ಲಿಗೆ ಮುಗಿಸೋಣ. ಮಾವ ಮಲಗಿದ್ದ, ದತ್ತಾ ಹಾಯಿ ನೋಡುತ್ತಿದ್ದ. ಯಾರೂ ನೋಡದ ಜಾಗದಲ್ಲಿ, ಹಿರಿಯವನು, ತಪ್ಪಿಲ್ಲದವನು, ತಾನಾಗಿ ಕೈ ಚಾಚಿದ್ದ. ಅಣ್ಣಾ ಎಂದು ಕೂಗಬೇಕೆನಿಸಿತು.

ಮತ್ತೆ ನಾನು ಮಾಡಿದ್ದೇನು? ಕೈ ಹಿಂದಕ್ಕೆ ತೆಗೆದುಕೊಂಡೆ.

ಬೇಕೆಂದು ತೆಗೆದದ್ದಲ್ಲ, ದೇವರಾಣೆ. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದೆ ಬರುವ ಹಾಗೆ ಬಂತು. ಮೊದಲನೇ ಹಿಡಿತಕ್ಕೆ ಕೈ ಕೊಡಬಾರದು ಎಂದು ಅಪ್ಪ ಕಲಿಸಿದ್ದು ತಲೆಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಹಾಗೆಂದು ದೂರ ಒಯ್ಯಲಿಲ್ಲ. ವ್ಯಾಪಾರಕ್ಕೆ ಮನಸ್ಸಿರುವವನು ಹೇಗೆ ಬಿಡುತ್ತಾನೋ ಹಾಗೆ ಅಲ್ಲೇ, ವಲ್ಲಿಯ ಕೆಳಗೇ, ನಾಲ್ಕು ಬೆರಳಿನಷ್ಟು ದೂರದಲ್ಲಿ ಅಂಗೈ ಬಿಚ್ಚಿ ಇಟ್ಟುಕೊಂಡು ಕಾದೆ. ಇನ್ನೊಮ್ಮೆ ಹಿಡಿಯುತ್ತಾನೆ, ಹಿಡಿದೇ ಹಿಡಿಯುತ್ತಾನೆ, ಅವನೂ ಅದೇ ಅಪ್ಪನ ಮಗನಲ್ಲವೇ. ನಾನೇ ಚಾಚಬಹುದಿತ್ತು ಎಂದು ಈಗ ನಿಮಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸುತ್ತದೆ, ದಿನಾ. ಅಣ್ಣ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ದತ್ತಾ 'ಬಗ್ಗಿ! ಆ ಬದಿಗೆ!' ಎಂದು ಕೂಗಿದ. ಬಗ್ಗಿದೆವು. ಅಣ್ಣ ವಲ್ಲಿಯನ್ನು ಎತ್ತಿ, ನೀರು ಹಿಂಡಿ, ಹೆಗಲ ಮೇಲೆ ಹಾಕಿಕೊಂಡು, ಆ ಬದಿಯಲ್ಲಿ ಮುಂದಿನ ತುದಿಗೆ ಹೋಗಿ ಕುಳಿತ. ದಂಡೆ ಮುಟ್ಟಿದ ಮೇಲೆ ಅಕ್ಕ ಮಾಡಿದ ಚಹಾವನ್ನು ನಿಂತುಕೊಂಡೇ ಕುಡಿದು, 'ಮಾವ, ಬರ್ತೇನ್ರಿ. ಅಕ್ಕಾ, ಬರ್ತೇನಿ' ಎಂದು ಬಸ್ ಸ್ಟ್ಯಾಂಡಿಗೆ ಹೊರಟ. 'ಅವಗ ಹೇಳ್ರಿ' ಎಂದು ಕೂಡ ಈ ಸಲ ಯಾರಿಗೂ ಅನ್ನಲಿಲ್ಲ.

ಆಮೇಲೆ ಎರಡು ತಿಂಗಳು ಅಂಗಡಿಯಲ್ಲಿ ಕುಳಿತು ರಸ್ತೆ ನೋಡಿದೆ. ಮದುವೆಗೆ ಹತ್ತಿರದವರನ್ನು ಕರೆಯುವುದೆಂದರೆ ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ನಮ್ಮ ಮನೆಗೆ ಬಂದದ್ದು ಅಂಚೆಯವನು. ಲಗ್ನಪತ್ರಿಕೆಯಲ್ಲಿ ಆಗಮನ ಬಯಸುವವರ ಹೆಸರು ಮೂವತ್ತೊಂದು ಇದ್ದವು, ಬೆರಳಿಟ್ಟು ಎಣಿಸಿದ್ದೇನೆ. ಕೊನೆಗೆ 'ಹಾಗೂ ಸಮಸ್ತ ಬಂಧು ಬಳಗದವರು' ಎಂದಿತ್ತು. ಆ 'ಹಾಗೂ' ಆದಮೇಲೆ ಎಲ್ಲೋ ನಾನಿದ್ದೆ. ಅಂಚೆಯಲ್ಲಿ ಕರೆದವರ ಮದುವೆಗೆ ನಾನು ಹೋಗುವವನಲ್ಲ ಎಂದೆ. ಶಾಂತವ್ವ ಒಂದು ಸಲ 'ಬರ್ರಿ' ಎಂದಳು. ಇನ್ನೊಂದು ಸಲ ಕರೆಯಲಿ ಎಂದು ನಾನು ಪೇಪರು ಓದುತ್ತ ಕುಳಿತೆ. ಅಷ್ಟರಲ್ಲಿ ಅವಳು ಹೊಸ ಸೀರೆ ಉಟ್ಟು, ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿಬಿಟ್ಟಿದ್ದಳು.

ಮರುದಿನ ಮಧ್ಯಾಹ್ನ ತಿರುಗಿ ಬಂದು, ಬುತ್ತಿಯ ಬುಂದಿ ಉಂಡೆಯನ್ನು ನನ್ನ ಮುಂದಿಟ್ಟು, ನಾನು ಕೇಳದೆಯೇ ಎಲ್ಲ ಹೇಳಿದಳು. ಹಂದರ ಹಾಕಿದವರು ಟೆಂಟಿನವರಂತೆ. ಕಬ್ಬಿಣದ ಪೈಪು, ಪ್ಲಾಸ್ಟಿಕ್ಕಿನ ಕ್ಲಿಪ್ಪು, ಒಂದು ಮೊಳ ಹಗ್ಗವೂ ಬೇಕಾಗಲಿಲ್ಲವಂತೆ. ಅಕ್ಷತೆ ಬೀಳುವ ಮುಂಚೆ ಕವಿತಾ ತಲೆ ಎತ್ತಿ, 'ಕಾಕು, ಕಾಕಾ ಎಲ್ಲಿ?' ಎಂದು ಕೇಳಿದಳಂತೆ. 'ಅಂಗಡಿ ಬಿಟ್ಟು ಬರಾಕ ಆಗಲಿಲ್ಲವ್ವ ಅಂತ ಸುಳ್ಳ ಹೇಳಿದೆ' ಎಂದಳು ಶಾಂತವ್ವ. ಆಮೇಲೆ, ದೋಣಿಯಲ್ಲಿ ಏನಾಯಿತೆಂದು ಅಕ್ಕ ಅಣ್ಣನನ್ನೇ ಕೇಳಿದಳೆಂದೂ, ಅದಕ್ಕೆ ಅವನು ಕೊಟ್ಟ ಉತ್ತರ ಇದೆಂದೂ ಹೇಳಿದಳು. 'ಎತ್ತಿಗಾಗಿದ್ರ ಹತ್ತು ಸಲ ಕೈ ಹಿಡೀತಿದ್ದೆ ಅಕ್ಕಾ. ತಮ್ಮ ಅಲ್ಲೇನು, ಒಂದ ಸಲ ಸಾಕು ಅನ್ಕೊಂಡಿದ್ದೆ.'

ನಾನು ಬುಂದಿ ಉಂಡೆಯನ್ನು ತಿನ್ನಲಿಲ್ಲ. ಎರಡು ದಿನದಲ್ಲಿ ಅದಕ್ಕೆ ಇರುವೆ ಹತ್ತಿದವು.

ಪುಂಡಿನಾರಿನ ಆ ಹಗ್ಗ ಈಗಲೂ ಅಂಗಡಿಯ ಗೂಟಕ್ಕೆ ಸುರುಳಿಯಾಗಿ ತೂಗುತ್ತಿದೆ. ಗಿರಾಕಿಗಳು ಅದನ್ನೇ ಕೇಳುತ್ತಾರೆ, ಈಗ ಅಂಥದ್ದು ಎಲ್ಲಿಯೂ ಸಿಗುವುದಿಲ್ಲ. ಮಾರಾಟಕ್ಕಲ್ಲ ಎನ್ನುತ್ತೇನೆ. ಮೊನ್ನೆ ಒಬ್ಬ ರೈತ ಮೂಗುದಾರ ಕೇಳಿ, ಬೆಲೆ ಹೊಂದದೆ ಮೆಟ್ಟಿಲಿಳಿದು ಹೊರಟ. ನಾನು ಎಂದಿನಂತೆ ಎದ್ದು ನಿಂತು, 'ಬರ್ರಿ ಯಜಮಾನ್ರ, ಹಂಗ್ಯಾಕ ಹೊಂಟ್ರಿ, ಬರ್ರಿ ಬರ್ರಿ!' ಎಂದು ಎರಡು ಸಲ ಕೂಗಿ ಕರೆದೆ. ಅವನು ತಿರುಗಿ ಬಂದ, ವ್ಯಾಪಾರವೂ ಆಯಿತು. ಊಟದ ಡಬ್ಬಿ ತಂದಿದ್ದ ಶಾಂತವ್ವ ಮೂಲೆಯ ಸ್ಟೂಲಿನ ಮೇಲೆ ಕುಳಿತು ಎಲ್ಲ ನೋಡುತ್ತಿದ್ದಳು. ಅವನು ಹೋದ ಮೇಲೆ ಮೆಲ್ಲಗೆ ಹೇಳಿದಳು: 'ಗುರ್ತಿಲ್ಲದಾಂವನ್ನ ಮೂಗುದಾರದ ಸಲುವಾಗಿ ಎರಡು ಸಲ ಕರದ್ರಿ. ರಾಣೇಬೆನ್ನೂರಿಗೆ ಹೋಗಿ ಅಣ್ಣಾರ್ನ ಒಂದು ಸಲ ಕರೀರಿ.'

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಬಸ್ಸು ಅರ್ಧ ಗಂಟೆಗೊಂದು ಇದೆ, ಹಗ್ಗವೂ ಸಿದ್ಧವಾಗಿದೆ. ಆದರೆ ಹೇಳಿದ ಕೂಡಲೇ ಒಪ್ಪಿಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲವಲ್ಲ. ಅವಳು ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತಿದ್ದೇನೆ. ಇವತ್ತಿಗೆ ಒಂಬತ್ತು ದಿನವಾಯಿತು, ಅವಳೂ ಸುಮ್ಮನಿದ್ದಾಳೆ.